ಗಂಟೆಯ ಸ್ವರ, ಶಂಖದ ಸ್ವರ

ತೊಕ್ಕೊಟ್ಟಿನಲ್ಲಿ ಕುಳಿತು ಪಿಯಾನೊಗೂ ಆರ್ಗನ್‌ಗೂ ಇರುವ ವ್ಯತ್ಯಾಸದ ಬಗ್ಗೆ ಮಾತಾಡಿದರೆ ಜನ ನಕ್ಕಾರು. ಪೆರ್ಮನ್ನೂರಿನ ಸಂತ ಸೆಬಾಸ್ತಿಯನರ ಇಗರ್ಜಿಯಿಂದ ಹಿಡಿದು ನೇತ್ರಾವತಿಯ ಆಚೆಯ ಸಿಎಸ್‌ಐ ಸಭೆಗಳವರೆಗೆ, ಕೊಯರ್ ಎಂದರೆ ಕೀಬೋರ್ಡು ಎಂದಾಗಿ ಎಷ್ಟೋ ಕಾಲವಾಯಿತು. 61 ಕೀಗಳ ಆ ಪೆಟ್ಟಿಗೆಯಲ್ಲಿ ಪಿಯಾನೊವೂ ಇದೆ, ಆರ್ಗನ್ನೂ ಇದೆ. ಗುಂಡಿ ಒತ್ತಿದರೆ ಮುಗಿಯಿತು, ಇನ್ನೇನು ಚರ್ಚೆ?

ಗುಂಡಿ ಬದಲಿಸುವುದು ದನಿಯನ್ನು ಮಾತ್ರ. ಬೆರಳು ನುಡಿಸುತ್ತಿರುವ ಬರವಣಿಗೆ ಹಾಗೇ ಉಳಿಯುತ್ತದೆ. ತೊಡಕು ಇರುವುದೇ ಅಲ್ಲಿ.

ಪಿಯಾನೊ ಗಂಟೆಯ ಜಾತಿ, ಆರ್ಗನ್ ಶಂಖದ ಜಾತಿ. ಬಡಿದ ಕ್ಷಣದಿಂದಲೇ ಗಂಟೆಯ ಸ್ವರ ಸಾಯತೊಡಗುತ್ತದೆ. ಶಂಖದ ಸ್ವರ ಊದುವವನ ಉಸಿರು ಇರುವಷ್ಟು ಹೊತ್ತೂ ನಿಲ್ಲುತ್ತದೆ. ಪಿಯಾನೊಗೆ ಬರೆಯುವವರ ಕಸುಬಿನಲ್ಲಿ ಅರ್ಧ ಪಾಲು ಈ ಸಾವನ್ನು ಮರೆಮಾಚುವುದೇ. ಒಂದೇ ಸ್ವರಗುಚ್ಛವನ್ನು ಮತ್ತೆ ಮತ್ತೆ ಬಡಿಯುತ್ತಾರೆ, ಬಿಡಿಬಿಡಿಯಾಗಿ ಉರುಳಿಸುತ್ತಾರೆ, ಕಾಲಿನ ಪೆಡಲು ಒತ್ತಿ ನಾದವನ್ನು ಹಿಡಿದಿಡುತ್ತಾರೆ. ಕ್ರಿಸ್‌ಮಸ್ಸಿಗೆ ಎಲ್ಲ ಕಡೆ ಕೇಳುವ ‘ಓ ಹೋಲಿ ನೈಟ್’ ನೋಡಿ. 1847ರಲ್ಲಿ ಫ್ರಾನ್ಸಿನ ಅಡಾಲ್ಫ್ ಆಡಂ ರಾಗ ಹಾಕಿದ ಈ ಹಾಡಿನ ಕೆಳಗೆ ಒಡೆದ ಸ್ವರಗಳ ಅಲೆಯೊಂದು ಉದ್ದಕ್ಕೂ ಉರುಳುತ್ತದೆ. ಪಿಯಾನೊದಲ್ಲಿ ಅದು ಬೆಳದಿಂಗಳು. ಅದನ್ನೇ ಒಂದಕ್ಷರ ಬಿಡದೆ ಆರ್ಗನ್ ದನಿಯಲ್ಲಿ ನುಡಿಸಿದರೆ ಹೊಲಿಗೆ ಯಂತ್ರ. ಒಂದು ಕ್ಯಾರಲ್ ರಾತ್ರಿ ನಾನೇ ಹೊಲಿದಿದ್ದೇನೆ, ಅದೂ ಪೆಡಲು ಒತ್ತಿಕೊಂಡು. ಹಾಡುವವರು ತಮ್ಮ ಶ್ರುತಿ ಎಲ್ಲಿದೆಯೆಂದು ಹುಡುಕುತ್ತಿದ್ದರು.

ಹಾಗಾದರೆ ಮಾಡಬೇಕಾದದ್ದೇನು? ಮೇಲಿನ ಸ್ವರಗಳನ್ನು ಹಿಡಿದಿಟ್ಟು, ನಡುವಿನ ಒಂದೇ ಎಳೆಯನ್ನು ಅಲುಗಾಡಿಸಬೇಕು. ಬಡಿತದ ಸ್ವರಗುಚ್ಛಗಳಿದ್ದರೆ, ಒಂದರಿಂದ ಇನ್ನೊಂದಕ್ಕೆ ಬದಲಾಗದ ಸ್ವರವನ್ನು ಕಟ್ಟಿಹಾಕಿ, ಬದಲಾಗುವುದನ್ನಷ್ಟೇ ಮತ್ತೆ ನುಡಿಸಬೇಕು. ಪಿಯಾನೊದ ಎಡಗೈ ಬಾಸ್ ಸ್ವರವನ್ನು ಮೇಲೂ ಕೆಳಗೂ ಜೋಡಿಯಾಗಿ ಬಡಿಯುತ್ತದೆ. ನಿಜವಾದ ಆರ್ಗನ್ನಿನಲ್ಲಿ ಕಾಲಿನ ಕೀ ಒಂದನ್ನು ಒತ್ತಿದರೆ 16 ಅಡಿಯ ಕೊಳವೆ ಆ ಆಳವನ್ನು ತಾನೇ ಕೊಡುತ್ತದೆ. ಕಾಲಿನ ಕೀಗಳೇ ಇಲ್ಲದ ನಮ್ಮ ಪೆಟ್ಟಿಗೆಯಲ್ಲಿ ಏನನ್ನಾದರೂ ಬಿಡಲೇಬೇಕು. ಕೊಯರ್ ಆಗಲೇ ಹಾಡುತ್ತಿರುವುದನ್ನು ಬಿಡಿ ಎಂಬುದು ನನ್ನ ಸಲಹೆ.

ಬರೆದದ್ದನ್ನು ಹೀಗೆ ತಿದ್ದುವ ಅಧಿಕಾರ ಯಾರು ಕೊಟ್ಟರು ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಆದರೆ ಬರೆದದ್ದು ಯಾವುದು? ಹ್ಯಾಂಡೆಲನ ‘ಮೆಸ್ಸಾಯ’ 1742ರಲ್ಲಿ ಡಬ್ಲಿನ್ನಿನಲ್ಲಿ ಮೊದಲು ಕೇಳಿಸಿದ್ದು ವಾದ್ಯವೃಂದದ ಜೊತೆ. ಅದರ ‘ಹಲ್ಲೆಲೂಯ’ ಕಲಿಯುವ ಕೊಯರ್‌ನ ಕೈಯಲ್ಲಿರುವುದು ಬೇರೆ ಯಾರೋ ಅದನ್ನು ಎರಡು ಕೈಗೆ ಇಳಿಸಿದ ಪಿಯಾನೊ ಪುಸ್ತಕ. ಅದನ್ನೇ ಚಾಚೂ ತಪ್ಪದೆ ಆರ್ಗನ್ನಿಗೆ ಹಾಕುವುದೆಂದರೆ ಅನುವಾದವನ್ನು ಅನುವಾದಿಸಿದಂತೆ. ತುತ್ತೂರಿಯ ನಿಡುಸ್ವರವನ್ನು ಪಿಯಾನೊ ಕಳೆದುಕೊಂಡಿತ್ತು, ಆರ್ಗನ್ ಮರಳಿ ಕೊಡಬಲ್ಲದು. ತಿದ್ದುವುದೇ ಇಲ್ಲಿ ಮೂಲನಿಷ್ಠೆ. ಬ್ರಾಮ್ಸ್ ಅಂತೂ 1856ರಲ್ಲಿ ಬರೆದ ಒಂದು ಭಕ್ತಿಗೀತೆಗೆ ಆರ್ಗನ್ ಆದರೂ ಸರಿ, ಪಿಯಾನೊ ಆದರೂ ಸರಿ ಎಂದು ಬಿಟ್ಟುಕೊಟ್ಟ. ಆದರೆ ಸ್ವರ ಸಾಯುವುದರಲ್ಲೇ ಜೀವವಿರುವ ಹಾಡುಗಳೂ ಇವೆ. ಶೂಬರ್ಟನ ಎಷ್ಟೋ ಗೀತೆಗಳು ಹಾಗೆ. ಅವನ್ನು ಆರ್ಗನ್ನಿಗೆ ತರುವ ಹಟ ಬೇಡ. ಪಿಯಾನೊ ಸಿಗದಿದ್ದರೆ ಬೇರೆ ಹಾಡು ಹಾಡೋಣ.

ಪಿಯಾನೊ ಬೇಡವೇ ಬೇಡ ಎಂದ ಕಾಲವೂ ಇತ್ತು. 1903ರಲ್ಲಿ ಪೋಪ್ ಹತ್ತನೇ ಪಿಯುಸ್ ಇಗರ್ಜಿಯೊಳಗೆ ಪಿಯಾನೊವನ್ನೇ ನಿಷೇಧಿಸಿದ್ದರು. 1963ರಲ್ಲಿ ವ್ಯಾಟಿಕನ್ ಮಹಾಸಭೆ ಪೈಪ್ ಆರ್ಗನ್ನಿಗೆ ಗೌರವದ ಸ್ಥಾನ ಉಳಿಸಿಕೊಂಡೇ ಬೇರೆ ವಾದ್ಯಗಳಿಗೂ ಬಾಗಿಲು ತೆರೆಯಿತು. ನಮ್ಮ ಪೂಜೆಯಲ್ಲಿ ಲ್ಯಾಟಿನ್ ಹೋಗಿ ಕೊಂಕಣಿ ಬಂತು. ನಿಷೇಧಕ್ಕೊಳಗಾಗಿದ್ದ ವಾದ್ಯ ಈಗ ಆರ್ಗನ್ನಿನ ಪಕ್ಕದ ಗುಂಡಿಯಲ್ಲಿ ಕುಳಿತಿದೆ ಎಂಬುದು ನನಗೆ ಯಾವಾಗಲೂ ನಗು ತರಿಸುತ್ತದೆ.

ನಮ್ಮ ಕಡೆಯ ನಿಜವಾದ ಕಷ್ಟ ಮಾತ್ರ ಇನ್ನೊಂದು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರಿಂದಾಗಿ ಜರ್ಮನ್ ರಾಗಗಳಿಗೆ ಕನ್ನಡದ ಮಾತು ಕೂಡಿತು. ಕನ್ನಡಕ್ಕೆ ಹ್ರಸ್ವ ದೀರ್ಘ ಎಂದರೆ ಅರ್ಥದ ಪ್ರಶ್ನೆ. ಪಿಯಾನೊದ ಸ್ವರ ತಾನೇ ಸಣ್ಣಗಾಗುವುದರಿಂದ ಅಕ್ಷರಕ್ಕೆ ಜಾಗ ಬಿಡುತ್ತದೆ. ಆರ್ಗನ್ ಬಿಡುವುದಿಲ್ಲ. ನಾದ ನಿಂತಿರುವಷ್ಟು ಹೊತ್ತೂ ಹಾಡುವವರ ಬಾಯಿ ತೆರೆದೇ ಇರುತ್ತದೆ. ಹೀಗೆ ‘ಬಲ’ ಬೇಡುವ ಸಾಲು ‘ಬಾಲ’ ಬೇಡುವುದನ್ನು ನಾನು ಕೇಳಿದ್ದೇನೆ. ಆರ್ಗನ್ನಿನಲ್ಲಿ ಬೆರಳು ಎಷ್ಟು ಬಲವಾಗಿ ಒತ್ತಿದರೂ ಒಂದು ಸ್ವರ ಉಳಿದವುಗಳಿಗಿಂತ ಜೋರಾಗದು. ಒಂದು ಸ್ವರಕ್ಕೆ ಒತ್ತು ಬೇಕಾದರೆ ಅದರ ಹಿಂದಿನ ಸ್ವರವನ್ನು ಬೇಗ ಬಿಡಬೇಕು. ಅಕ್ಷರ ಹ್ರಸ್ವವಾಗಿ ಉಳಿಯಬೇಕಾದರೂ ಉಪಾಯ ಅದೇ, ಬೇಗ ಬಿಡುವುದು. ಮೊನ್ನೆಯ ಅಭ್ಯಾಸದಲ್ಲಿ ಅದೇ ಸಾಲಿಗೆ ‘ಬ’ ಹುಟ್ಟಿದ ಕೂಡಲೇ ಕೈ ಎತ್ತಿದೆ. ಮುಂದಿನ ಸಾಲಿನಲ್ಲಿದ್ದ ಹೆಂಗಸರು ಒಮ್ಮೆ ತಿರುಗಿ ನೋಡಿದರು, ಕರೆಂಟು ಹೋಯಿತೇನೋ ಎಂದು. ಆದರೆ ಬಾಲ ಬೆಳೆಯಲಿಲ್ಲ.