ಅಲಗೇರಿಯ ನೆಲದ ಲೆಕ್ಕ ಮೊದಲು ಹೇಳಿ



ಅಂಕೋಲಾ ತಾಲ್ಲೂಕಿನ ಅಲಗೇರಿಯಲ್ಲಿ ನೌಕಾಪಡೆಯ ವಿಮಾನ ನಿಲ್ದಾಣಕ್ಕೆ ಹೊಂದಿಕೊಂಡು ನಾಗರಿಕ ನಿಲ್ದಾಣವೂ ಬರಬೇಕೆಂಬ ಯೋಜನೆಯನ್ನು ನಾನು ವಿರೋಧಿಸುವುದಿಲ್ಲ. ಗೋವಾದ ದಾಬೋಳಿಯಲ್ಲಿ ನೌಕಾಪಡೆಯ ರನ್‌ವೇಯನ್ನೇ ನಾಗರಿಕ ವಿಮಾನಗಳೂ ಬಳಸುತ್ತಿವೆ. ಇಲ್ಲಿಯೂ ರನ್‌ವೇ ಒಂದೇ ಸಾಕಲ್ಲವೇ? ಹಾಗಿದ್ದ ಮೇಲೆ ಪ್ರಯಾಣಿಕರ ಕಟ್ಟಡ, ವಿಮಾನ ನಿಲ್ಲುವ ಜಾಗ, ರಸ್ತೆ, ಇವುಗಳಿಗೆ ಬೇಕಾದಷ್ಟೇ ನೆಲ ತೆಗೆದುಕೊಳ್ಳಲಿ. ವಿಮಾನದ ಹೆಸರಿನಲ್ಲಿ ಹೋಟೆಲು, ವಾಣಿಜ್ಯ ಸಂಕೀರ್ಣಗಳಿಗೆಂದು ಒಂದು ಗುಂಟೆಯೂ ಹೋಗಬಾರದು.

ಈ ಭಯಕ್ಕೆ ಕಾರಣವಿದೆ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಅದಕ್ಕಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ 4 ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ಕಡಲತೀರ ಬಿಟ್ಟು ಎದ್ದು ಹೋದವು. ಪರಿಹಾರಕ್ಕಾಗಿ ಕೋರ್ಟು ಅಲೆಯುತ್ತಲೇ ಎಷ್ಟೋ ಹಿರಿಯರು ತೀರಿಕೊಂಡರು. ಸ್ವಾತಂತ್ರ್ಯ ಹೋರಾಟದ ಕರನಿರಾಕರಣೆಯ ಕಾಲದಲ್ಲಿ ಜಮೀನು ಜಪ್ತಿಯಾದರೂ ಬಗ್ಗದ ರೈತರ ತಾಲ್ಲೂಕು ಅಂಕೋಲಾ. ದೇಶಕ್ಕಾಗಿ ಕೊಡಲು ಇಲ್ಲಿನವರು ಯಾವತ್ತೂ ಹಿಂಜರಿದಿಲ್ಲ. ಆದರೆ ಸಮುದ್ರಕ್ಕೂ ಘಟ್ಟಕ್ಕೂ ನಡುವಿನ ಈ ಕಿರಿದಾದ ಪಟ್ಟಿಯಲ್ಲಿ ಭತ್ತದ ಗದ್ದೆ ಒಮ್ಮೆ ಹೋದರೆ ಬದಲಿಗೆ ಇನ್ನೊಂದು ಸಿಗುವುದಿಲ್ಲ.

2013ರ ಭೂಸ್ವಾಧೀನ ಕಾಯ್ದೆಯಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನಕ್ಕೂ, ಐದು ವರ್ಷ ಬಳಸದೆ ಉಳಿದ ಭೂಮಿಯನ್ನು ಮೂಲ ಮಾಲೀಕರಿಗೆ ಹಿಂತಿರುಗಿಸುವುದಕ್ಕೂ ಅವಕಾಶವಿದೆ. ಇವೆರಡನ್ನೂ ಇಲ್ಲಿ ಪಾಲಿಸುವುದಾಗಿ ಸರ್ಕಾರ ಲಿಖಿತ ಭರವಸೆ ಕೊಡಲಿ. ಯಾವ ಸರ್ವೆ ನಂಬರು, ಎಷ್ಟು ಗುಂಟೆ, ಯಾವುದಕ್ಕೆ ಎಂಬ ಪಟ್ಟಿಯನ್ನು ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಓದಿ ಹೇಳಬೇಕೆಂದು ಜಿಲ್ಲಾಡಳಿತವನ್ನು ಕೇಳಿಕೊಳ್ಳುತ್ತೇನೆ.

– ಓದುಗ, ಅಂಕೋಲಾ