ಅಜ್ಟೆಕ ಸಾಮ್ರಾಜ್ಯವನ್ನು ಕೆಡವಿದವರಾರು?

ಐದುನೂರು ಚಿಲ್ಲರೆ ಸ್ಪೇನಿಗರು, ಹದಿನಾರು ಕುದುರೆಗಳು, ಕೆಲವು ತೋಪುಗಳು. ಇಷ್ಟರಿಂದಲೇ ಲಕ್ಷಾಂತರ ಪ್ರಜೆಗಳುಳ್ಳ ಅಜ್ಟೆಕ ಸಾಮ್ರಾಜ್ಯವು ನೆಲಕ್ಕುರುಳಿತೆಂಬ ಕಥೆಯನ್ನು ಓದದೆ ಶಾಲೆಯಿಂದ ಹೊರಬಿದ್ದವರು ವಿರಳ. ಗಡ್ಡಧಾರಿಗಳಾದ ಬಿಳಿಯರನ್ನು ಕಂಡು ಆ ಜನರು ತಮ್ಮ ದೇವರೇ ಮರಳಿ ಬಂದನೆಂದು ಭ್ರಮಿಸಿ ಕೈಕಟ್ಟಿ ನಿಂತರೆಂದೂ ಅದರಲ್ಲಿ ಸೇರಿಸಿರುವದುಂಟು. ಗೆದ್ದವನು ಬರೆದ ಕಥೆಯು ಗೆದ್ದವನಿಗೆ ಒಪ್ಪುವಂತೆ ಇರುವದು ಸಹಜ. ಆದರೆ ಅದನ್ನು ನಮ್ಮ ಮಕ್ಕಳು ಇನ್ನೂ ಬಾಯಿಪಾಠ ಮಾಡುತ್ತಿರುವದು ಉಚಿತವೆಂದು ನಮಗೆ ತೋರುವದಿಲ್ಲ. ತೆನೋಚ್ತಿತ್ಲಾನ್ ಪಟ್ಟಣವು 1521ನೆಯ ಇಸವಿಯ ಆಗಸ್ಟ್ 13ರಂದು ಬಿದ್ದು ಐದು ಶತಮಾನಗಳು ಸಂದಿವೆ; ಆ ದೇಶದವರ ಭಾಷೆಯಲ್ಲಿಯೇ ಬರೆದ ಕಾಗದಪತ್ರಗಳೂ ಇಂದು ಓದಲು ದೊರೆಯುತ್ತವೆ. ಅವುಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಸಂಗತಿಯು ಬೇರೆಯಾಗಿಯೇ ಕಾಣುವದು.

ಲೋಕವು ಅಜ್ಟೆಕರೆಂದು ಕರೆಯುವ ಈ ಜನರು ತಮ್ಮನ್ನು ಮೆಶಿಕರೆಂದು ಹೇಳಿಕೊಳ್ಳುತ್ತಿದ್ದರು. ಮೆಕ್ಸಿಕೋ ಎಂಬ ಹೆಸರು ಅವರಿಂದಲೇ ಬಂದದ್ದು. ಉತ್ತರದ ಕಡೆಯಿಂದ ಅಲೆಯುತ್ತ ಬಂದ ಅವರಿಗೆ ಒಳ್ಳೆಯ ನೆಲವು ಉಳಿದಿರಲಿಲ್ಲ. ಮುಂಚೆ ಬಂದವರು ಅದನ್ನೆಲ್ಲ ಹಿಡಿದಿದ್ದರು. ಟೆಕ್ಸ್ಕೊಕೋ ಸರೋವರದ ನಡುವಣ ಜೌಗು ನಡುಗಡ್ಡೆಯೊಂದರಲ್ಲಿ ಅವರು 1325ರ ಸುಮಾರಿಗೆ ನೆಲೆಯೂರಿದರು. ಇನ್ನೊಬ್ಬರು ಬೇಡವೆಂದು ಬಿಟ್ಟ ಆ ಕೆಸರೇ ಅವರ ಭಾಗ್ಯವಾಯಿತು. ನೀರಿನಲ್ಲಿ ಗೂಟ ನೆಟ್ಟು, ತಡಿಕೆ ಕಟ್ಟಿ, ತಳದ ಕೆಸರನ್ನೆತ್ತಿ ಹಾಕಿ ಉದ್ದುದ್ದನೆಯ ಮಡಿಗಳನ್ನು ಮಾಡಿಕೊಂಡು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬೆಳೆಗಳನ್ನು ತೆಗೆದರು. ಶೋಚಿಮಿಲ್ಕೋ ಎಂಬಲ್ಲಿ ಇಂಥ ಮಡಿಗಳ ಕೃಷಿಯು ಇಂದಿಗೂ ನಡೆದಿದೆ. ಚಪುಲ್ತೆಪೆಕ್ ಗುಡ್ಡದ ಬುಗ್ಗೆಯಿಂದ ಸಿಹಿನೀರು ತರಲು ಜೋಡಿ ಕಾಲುವೆಗಳನ್ನು ಕಟ್ಟಿದ್ದರು; ಒಂದನ್ನು ತೊಳೆಯುವಾಗ ಇನ್ನೊಂದು ಹರಿಯುತ್ತಿರಬೇಕೆಂಬ ದೂರದೃಷ್ಟಿ! ನಮ್ಮ ಎಷ್ಟು ಪುರಸಭೆಗಳಿಗೆ ಈ ಯುಕ್ತಿಯು ಹೊಳೆದೀತು? ಎರಡು ಲಕ್ಷದಷ್ಟು ಜನರು ಅಲ್ಲಿ ವಾಸವಾಗಿದ್ದರೆಂದು ಹಲವು ವಿದ್ವಾಂಸರ ಅಂದಾಜು. ಅವರ ಊಟದ ಮೆಕ್ಕೆಜೋಳವೂ ಮೆಣಸಿನಕಾಯಿಯೂ ಆ ನೆಲದವೇ. ಇಂದು ಬ್ಯಾಡಗಿಯ ಪೇಟೆಯನ್ನು ಕೆಂಪಾಗಿಸುವ ಬೆಳೆಯು ನಮ್ಮ ಕರಾವಳಿಗೆ ಬಂದದ್ದು ಪೋರ್ತುಗೀಜರ ಹಡಗುಗಳ ಕಾಲದಲ್ಲಿ. ಅದಕ್ಕೆ ಮುಂಚೆ ನಮ್ಮವರ ಅಡಿಗೆಯ ಖಾರವೆಂದರೆ ಕರಿಮೆಣಸೇ.

1428ರಲ್ಲಿ ತೆನೋಚ್ತಿತ್ಲಾನ್, ಟೆಕ್ಸ್ಕೊಕೋ, ತ್ಲಾಕೋಪಾನ್ ಎಂಬ ಮೂರು ಪಟ್ಟಣಗಳು ಒಂದುಗೂಡಿ ತಮ್ಮನ್ನು ಆಳುತ್ತಿದ್ದ ಅಜ್ಕಪೊಟ್ಸಾಲ್ಕೋ ಪಟ್ಟಣವನ್ನು ಮುರಿದವು. ದಾಸ್ಯವನ್ನು ಕಳಚಿದವರು ಇನ್ನೊಬ್ಬರ ದಾಸ್ಯದ ನೋವನ್ನು ಅರಿಯಬೇಕಾಗಿದ್ದಿತು, ಹಾಗಾಗಲಿಲ್ಲ. ಅಂದಿನ ಅರಸನಾದ ಇತ್ಸ್‌ಕೋಟ್ಲನು ಹಳೆಯ ಚರಿತ್ರೆಯ ಪುಸ್ತಕಗಳನ್ನು ಸುಡಿಸಿದನೆಂದು ಆ ಜನರ ನೆನಪಿನಲ್ಲಿಯೇ ಉಳಿದಿದೆ. ಮುಂದಿನ ತೊಂಬತ್ತು ವರ್ಷಗಳಲ್ಲಿ ಎರಡು ಸಮುದ್ರಗಳ ವರೆಗೂ ಅವರ ಕೈ ಚಾಚಿತು. ಗೆದ್ದ ಊರುಗಳಲ್ಲಿ ಅವರು ಸಾಮಾನ್ಯವಾಗಿ ಅಲ್ಲಿಯ ದೊರೆಯನ್ನೇ ಉಳಿಸಿ, ಕಪ್ಪವನ್ನು ಮಾತ್ರ ಎತ್ತುತ್ತಿದ್ದರು: ಹತ್ತಿಯ ಹೊದಿಕೆಗಳು, ಕೋಕೋ ಬೀಜಗಳು, ಹಕ್ಕಿಯ ಗರಿಗಳು, ಜೋಳದ ಕಣಜಗಳು. ಯಾವ ಊರು ಏನನ್ನು ಎಷ್ಟು ಕೊಡಬೇಕೆಂಬ ಚಿತ್ರಪಟ್ಟಿಯು ಮೆಂದೋಸಾ ಹೊತ್ತಗೆಯಲ್ಲಿ ಉಳಿದು ಬಂದಿದೆ. ಸಾಮ್ರಾಜ್ಯವೆಂದರೆ ಲೆಕ್ಕದ ಪುಸ್ತಕವೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಇದರ ಮೇಲೆ ನರಬಲಿ. ಪರರ ಆಳಿಕೆಗೆ ಬಲಿಯಾದ ಜನರೆಂಬ ಕನಿಕರದಿಂದ ಇದನ್ನು ಮುಚ್ಚಿಡುವದು ಸತ್ಯಕ್ಕೆ ಅಪಚಾರ. 2015ರಲ್ಲಿ ಮೆಕ್ಸಿಕೋ ನಗರದ ನೆಲದಡಿಯಲ್ಲಿ ಸಿಕ್ಕ ತಲೆಬುರುಡೆಗಳ ಗೋಪುರದಲ್ಲಿ ಸ್ತ್ರೀಯರ, ಮಕ್ಕಳ ಬುರುಡೆಗಳೂ ಇದ್ದವು. ಸ್ಪೇನಿಗರ ಬರಹಗಳಲ್ಲಿ ಬರುವ ಬಲಿಯ ಸಂಖ್ಯೆಗಳು ಉಬ್ಬಿಸಿದವೆಂಬುದು ನಿಜ; ಬಲಿಯೇ ಸುಳ್ಳೆಂಬುದು ನಿಜವಲ್ಲ.

ಈ ಭಾರವನ್ನು ಹೊರಲೊಪ್ಪದೆ ತ್ಲಾಸ್ಕಲಾ ಎಂಬ ಸಣ್ಣ ರಾಜ್ಯವೊಂದು ಮೂಡಣ ಬೆಟ್ಟಗಳಲ್ಲಿ ತಲೆಯೆತ್ತಿ ನಿಂತಿದ್ದಿತು. ಮೆಶಿಕರು ಅದನ್ನು ಸುತ್ತುವರಿದು ಉಪ್ಪೂ ಹತ್ತಿಯೂ ಒಳಗೆ ಹೋಗದಂತೆ ತಡೆದಿದ್ದರು. ಬಲಿಗೆ ಸೆರೆಯಾಳುಗಳು ಬೇಕಾದಾಗ ಪುಷ್ಪಯುದ್ಧವೆಂಬ ಸವಿಹೆಸರಿನಿಂದ ಅದರ ಮೇಲೆ ಏರಿ ಹೋಗುತ್ತಿದ್ದರು. 1519ರ ಸೆಪ್ಟೆಂಬರಿನಲ್ಲಿ ಕೊರ್ತೆಸನು ಅಲ್ಲಿಗೆ ಬಂದಾಗ ತ್ಲಾಸ್ಕಲರು ಮೊದಲು ಅವನೊಡನೆ ಕಾದಿದರು, ಕೆಚ್ಚಿನಿಂದಲೇ ಕಾದಿದರು. ಆಮೇಲೆ ಅವರ ಹಿರಿಯರು ಕೂಡಿ ಯೋಚಿಸಿ, ಹಳೆಯ ವೈರಿಯನ್ನು ಹೊಡೆಯಲು ಈ ಹೊಸಬನು ಒಳ್ಳೆಯ ಆಯುಧವೆಂದು ನಿರ್ಣಯಿಸಿದರು. ಅವರನ್ನು ದ್ರೋಹಿಗಳೆಂದು ಕರೆಯುವದು ಸುಲಭ. ಆದರೆ ಯಾರಿಗೆ ದ್ರೋಹ? ಅಂದು ಮೆಕ್ಸಿಕೋ ಎಂಬ ಒಂದು ರಾಷ್ಟ್ರವಿರಲಿಲ್ಲ. ಕಪ್ಪ ತೆಗೆದುಕೊಳ್ಳುವ ಒಂದು ಪಟ್ಟಣವೂ ಕಪ್ಪ ಕೊಡುವ ನೂರಾರು ಪಟ್ಟಣಗಳೂ ಇದ್ದವು.

ನವೆಂಬರ್ 8ರಂದು ಕೊರ್ತೆಸನು ಸಾವಿರಾರು ತ್ಲಾಸ್ಕಲರೊಡನೆ ರಾಜಧಾನಿಯನ್ನು ಹೊಕ್ಕನು. ಅತಿಥಿಯಾಗಿ ಬರಮಾಡಿಕೊಂಡ ಮೊಕ್ತೆಸುಮನನ್ನು ಸೆರೆಯಲ್ಲಿಟ್ಟನು. 1520ರ ಮೇ ತಿಂಗಳಲ್ಲಿ ದೇವರ ಉತ್ಸವದಲ್ಲಿ ಕುಣಿಯುತ್ತಿದ್ದ ನಿರಾಯುಧರನ್ನು ಅವನ ಕೈಕೆಳಗಿನ ಅಲ್ವರಾದೋ ಕಡಿಸಿ ಹಾಕಿದನು. ಊರು ರೊಚ್ಚಿಗೆದ್ದಿತು, ಜೂನ್ 30ರ ರಾತ್ರಿ ಸ್ಪೇನಿಗರು ನೂರಾರು ಜನರನ್ನು ಕಳೆದುಕೊಂಡು ಓಡಿದರು. ಓಡಿದ್ದು ಎಲ್ಲಿಗೆ? ಇಡೀ ಕಥೆಯ ಕೀಲು ಇಲ್ಲಿದೆಯೆಂದು ನಮ್ಮ ಅಭಿಪ್ರಾಯ. ತ್ಲಾಸ್ಕಲಾ ಅಂದು ಬಾಗಿಲು ಮುಚ್ಚಿದ್ದರೆ ಗಾಯಗೊಂಡು, ತೋಪುಗಳನ್ನು ಕಳೆದುಕೊಂಡು ಬಂದ ಆ ತಂಡವು ಬಯಲಿನಲ್ಲಿಯೇ ಅಳಿದುಹೋಗುತ್ತಿತ್ತು. ಬಾಗಿಲು ತೆರೆಯಿತು. ಅದೇ ಹೊತ್ತಿಗೆ ಸಮುದ್ರದಾಚೆಯಿಂದ ಬಂದ ಸಿಡುಬು ರಾಜಧಾನಿಯನ್ನು ಹೊಕ್ಕು, ಹೊಸ ಅರಸನಾದ ಕ್ವಿತ್ಲಾವಾಕನನ್ನೂ ಲೆಕ್ಕವಿಲ್ಲದ ಜನರನ್ನೂ ಒಯ್ದಿತು. ಮುತ್ತಿಗೆಗೆ ಬೇಕಾದ ಹದಿಮೂರು ಹಡಗುಗಳ ಹಲಗೆಗಳನ್ನು ಕೊಯ್ದದ್ದು ತ್ಲಾಸ್ಕಲದಲ್ಲಿ, ಬೆಟ್ಟ ದಾಟಿಸಿ ಹೊತ್ತು ತಂದದ್ದು ತ್ಲಾಸ್ಕಲರ ಹೆಗಲು. ಮೂವರು ಮಿತ್ರರಲ್ಲಿ ಒಬ್ಬರಾದ ಟೆಕ್ಸ್ಕೊಕೋದವರಲ್ಲಿಯೂ ಒಡಕು ಬಿದ್ದು ಬಹುಜನರು ಕೊರ್ತೆಸನ ಕಡೆಗೆ ಸರಿದರು. ಆ ಜೋಡಿ ಕಾಲುವೆಯನ್ನು ಕಡಿದು ನೀರನ್ನು ನಿಲ್ಲಿಸಿದರು. ಎರಡೂವರೆ ತಿಂಗಳು ಹಸಿವೆಯಲ್ಲಿ ಕಾದಾಡಿದ ಮೇಲೆ ಕೊನೆಯ ಅರಸನಾದ ತರುಣ ಕ್ವಾವ್‌ತೆಮೊಕನು ಸೆರೆಸಿಕ್ಕನು. 1525ರಲ್ಲಿ ಅವನನ್ನು ಗಲ್ಲಿಗೇರಿಸಿದರು. ಮುತ್ತಿಗೆ ಹಾಕಿದವರಲ್ಲಿ ಒಬ್ಬ ಸ್ಪೇನಿಗನಿಗೆ ಹತ್ತಾರು ಮಂದಿ ಆ ದೇಶದವರೇ ಇದ್ದರು.

ದೇವರೆಂದು ನಂಬಿದ ಕಥೆಯ ವಿಷಯವಾಗಿ ಒಂದೇ ಮಾತು. ಕೊರ್ತೆಸನು ತನ್ನ ದೊರೆಗೆ ಬರೆದ ಪತ್ರಗಳಲ್ಲಿ ಕ್ವೆಟ್ಸಾಲ್‌ಕೋಟ್ಲನೆಂಬ ಆ ದೇವರ ಹೆಸರೇ ಇಲ್ಲ. ಅದು ದಶಕಗಳ ತರುವಾಯ ಪಾದ್ರಿಗಳೂ ಅವರ ಶಿಷ್ಯರೂ ಬರೆದ ಗ್ರಂಥಗಳಲ್ಲಿ ಬೆಳೆದದ್ದು. ಸೋಲಿಗೆ ದೈವಚಿತ್ತವೇ ಕಾರಣವೆಂದರೆ ಗೆದ್ದವನಿಗೂ ಹಿತ, ಸೋತವನಿಗೂ ಸಮಾಧಾನ.

ಹಾಗಾದರೆ ಗೆಲ್ಲಿಸಿದವರಿಗೆ ದೊರೆತದ್ದೇನು? ತ್ಲಾಸ್ಕಲರಿಗೆ ಸ್ಪೇನಿನ ಅರಸನಿಂದ ಸನ್ನದುಗಳೂ ಬಿರುದುಗಳೂ ಬಂದವು. ತಾವು ಮಾಡಿದ ಸೇವೆಯನ್ನು ಉದ್ದವಾದ ಬಟ್ಟೆಯ ಮೇಲೆ ಚಿತ್ರಿಸಿ ಅವರು ಮತ್ತೆ ಮತ್ತೆ ನೆನಪು ಮಾಡಿಕೊಡಬೇಕಾಯಿತು. 1591ರಲ್ಲಿ ಅವರ ನಾನೂರು ಕುಟುಂಬಗಳನ್ನು ಉತ್ತರದ ಗಡಿಯನ್ನು ಕಾಯಲು ಎಬ್ಬಿಸಿ ಒಯ್ದರು. ನೆರೆಯ ವೆಶೋಟ್ಸಿಂಕೋ ಪಟ್ಟಣದವರಿಗೆ ಅಷ್ಟೂ ಇಲ್ಲ. ಅವರೂ ಕೊರ್ತೆಸನ ಮಿತ್ರರೇ. ಪತನದ 39 ವರ್ಷಗಳ ತರುವಾಯ, 1560ರ ಜುಲೈ 30ರಂದು, ಆ ಪಟ್ಟಣದ ಹಿರಿಯರು ತಮ್ಮ ನಾವಾಟ್ಲ್ ಭಾಷೆಯಲ್ಲಿ ಎರಡನೆಯ ಫಿಲಿಪ್ ದೊರೆಗೆ ಒಂದು ಬಿನ್ನವತ್ತಳೆಯನ್ನು ಕಳಿಸಿದರು. ನಮ್ಮನ್ನು ಯಾರೂ ಗೆಲ್ಲಲಿಲ್ಲ, ನಾವಾಗಿಯೇ ಬಂದೆವು. ನಿಮ್ಮವರಿಗೆ ಅನ್ನ ಹಾಕಿದೆವು. ಕಾಯಿಲೆಯಾದವರನ್ನು ಕೈಯಲ್ಲಿಯೂ ಬೆನ್ನಿನ ಮೇಲೂ ಹೊತ್ತು ನಡೆದೆವು. ಹಡಗು ಕಟ್ಟಲು ಮರ ಕೊಟ್ಟೆವು ಎಂದು ಒಂದೊಂದನ್ನೇ ಎಣಿಸಿ ಹೇಳಿ, ಈಗ ಹೇರಿರುವ ಕಪ್ಪವನ್ನು ನಮ್ಮಿಂದ ಕೊಡಲಾಗದು, ಇದು ಹೀಗೆಯೇ ನಡೆದರೆ ನಮ್ಮ ಊರೇ ಇಲ್ಲವಾಗಿ ಹೋಗುವದು ಎಂದು ಅದರಲ್ಲಿ ಮೊರೆಯಿಟ್ಟಿದ್ದಾರೆ.