ಲಾ ಓದೋರು ಇಳಕಲ್ ಕ್ವಾರಿಗೂ ಒಮ್ಮೆ ಬರಲಿ

ಇಳಕಲ್ ಅಂದ್ರೆ ಎಲ್ಲರಿಗೂ ಸೀರೆ ನೆನಪಾಗುತ್ತೆ. ಕಲ್ಲಿನ ವ್ಯಾಪಾರಿಗಳಿಗೆ ಮಾತ್ರ ಕೆಂಪು ಗ್ರಾನೈಟ್! ಹುನಗುಂದದಿಂದ ಇತ್ತ ಬಾದಾಮಿಗೆ ಬಂದರೆ ಚಾಲುಕ್ಯರ ಗುಹೆಗಳು. ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಹಳೇ ಬಾಗಲಕೋಟೆಯ ದೊಡ್ಡ ಭಾಗವಂತೂ ಆಲಮಟ್ಟಿ ಹಿನ್ನೀರಿನ ಪಾಲಾಗಿ ನವನಗರ ಹುಟ್ಟಿತು. ಪರಿಸರ ಕಾನೂನು ಕಲಿಯೋಕೆ ಇದಕ್ಕಿಂತ ಒಳ್ಳೇ ಪ್ರಯೋಗಶಾಲೆ ಬೇಕಾ?

ಆದ್ರೆ ಬಹಳಷ್ಟು ಲಾ ವಿದ್ಯಾರ್ಥಿಗಳಿಗೆ ಅದು ಪಾಸಾಗಬೇಕಾದ ಇನ್ನೊಂದು ಪೇಪರ್, ಅಷ್ಟೇ. ನಾನು ಸಾಫ್ಟ್‌ವೇರಿನವನು. ಪುಸ್ತಕ ಓದಿ ಯಾರೂ ಕೋಡ್ ಬರೆಯೋದು ಕಲಿಯಲ್ಲ. ಯಾರೋ ಬರೆದ ಹಳೇ ಪ್ರೋಗ್ರಾಮಿನಲ್ಲಿ ಬಗ್ ಹುಡುಕುವಾಗಲೇ ಕಲಿಯೋದು. ಕಾನೂನೂ ಹಾಗೇ ಅಂತ ನನ್ನ ಅನಿಸಿಕೆ.

ಒಂದೇ ಒಂದು ಕ್ವಾರಿ ತಗೊಳ್ಳಿ. 2012ರ ದೀಪಕ್ ಕುಮಾರ್ ತೀರ್ಪಿನ ನಂತರ 5 ಹೆಕ್ಟೇರಿಗಿಂತ ಚಿಕ್ಕ ಗಣಿಗೂ ಪರಿಸರ ಅನುಮತಿ ಬೇಕು. ಆ ಅನುಮತಿ ಪತ್ರದಲ್ಲಿ ಷರತ್ತುಗಳ ಪಟ್ಟಿ ಇರುತ್ತೆ, ಪಾಲನೆಯ ವರದಿ ವರ್ಷಕ್ಕೆರಡು ಸಲ ಕೊಡಬೇಕು. ವಿದ್ಯಾರ್ಥಿಗಳು ಪತ್ರ ಹಿಡಿದು ಸ್ಥಳಕ್ಕೆ ಹೋಗಿ ಒಂದೊಂದೇ ಷರತ್ತು ನೋಡಲಿ. ವರದಿ ಸಿಗಲಿಲ್ವಾ? ಮಾಹಿತಿ ಹಕ್ಕಿನ ಅರ್ಜಿ ಹಾಕೋದೂ ಪಾಠವೇ.

ಇದರಿಂದ ಊರಿನವರಿಗೇನು ಲಾಭ? ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯ (2010) 14ನೇ ಕಲಮಿನ ಪ್ರಕಾರ ಅರ್ಜಿ ಹಾಕೋಕೆ ಇರೋದು 6 ತಿಂಗಳು. ಸಕಾರಣವಿದ್ದರೆ ಹೆಚ್ಚೆಂದರೆ ಇನ್ನು 60 ದಿನ. (ಪರಿಹಾರ ಕೇಳೋಕಾದರೆ 5 ವರ್ಷ.) ನಮಗೆ ಪೀಠ ಇರೋದು ಚೆನ್ನೈನಲ್ಲಿ, ಅರ್ಜಿ ಇಂಗ್ಲಿಷಿನಲ್ಲೇ ಆಗಬೇಕು. ಹೊಲದ ಮೇಲೆ ಧೂಳು ಕೂರುತ್ತಿರೋ ರೈತ ವಕೀಲರನ್ನು ಹುಡುಕೋ ಹೊತ್ತಿಗೆ ಗಡುವು ಮುಗಿದಿರುತ್ತೆ! ಅವನು ಕನ್ನಡದಲ್ಲಿ ಹೇಳಿದ್ದನ್ನ ತಾರೀಖು, ಫೋಟೋ ಸಮೇತ ದಾಖಲೆ ಮಾಡಿ ಇಂಗ್ಲಿಷಿಗೆ ತರೋ ಕೆಲಸವನ್ನು ಮೂರನೇ ವರ್ಷದ ಹುಡುಗಿಯೊಬ್ಬಳು ಮಾಡಬಲ್ಲಳು.

ತೊಡಕಿಲ್ಲ ಅಂತಲ್ಲ. ವಿದ್ಯಾರ್ಥಿಗಳು ವಾದ ಮಾಡುವಂತಿಲ್ಲ, ಪೂರ್ಣಾವಧಿ ಅಧ್ಯಾಪಕರು ವಕೀಲಿ ಮಾಡುವಂತಿಲ್ಲ. ಹಾಗಾಗಿ ಊರಿನ ವಕೀಲರು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಜೊತೆಗೂಡಬೇಕು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಪರಿಸರ ಕಾನೂನಿಗೆಂದೇ 'ಸೀರಾ' ಕೇಂದ್ರ 1997ರಿಂದ ಇದೆ. ಬಾಗಲಕೋಟೆಯಲ್ಲೂ ನಂದಿಮಠ ಲಾ ಕಾಲೇಜಿದೆ, ಕ್ವಾರಿ ಇರೋದೂ ಇದೇ ಜಿಲ್ಲೆಯಲ್ಲಿ.

ಕ್ವಾರಿ ಮುಚ್ಚಿಸಿ ಅಂತ ನಾನು ಹೇಳ್ತಿಲ್ಲ, ಅದರಿಂದ ಎಷ್ಟೋ ಮನೆಗಳ ಒಲೆ ಉರೀತಿದೆ. ಕೊಟ್ಟ ಅನುಮತಿಯಲ್ಲಿ ಬರೆದಿರೋದನ್ನು ಓದೋರು ಊರಿಗೆ ನಾಲ್ಕು ಜನ ಇರಲಿ ಅಂತಷ್ಟೇ. ನೀವೇನಂತೀರಿ?